ಕುದುರೆ ಎಳೆದ ಮರ, ಆನೆ ಎಳೆದ ಮರ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಈಶಾನ್ಯಕ್ಕಿರುವ ಡುಲುತ್ ಊರಿಗೆ ಆ ಹೆಸರು ಬಂದದ್ದು 1871ರಲ್ಲಿ. ಅಲ್ಲಿಯವರೆಗೆ ಅದು ಹತ್ತಿ ಬೆಳೆಯುವವರ ಒಂದು ಕೂಡುರಸ್ತೆ. ಎವನ್ ಹೋವೆಲ್ ಎಂಬ ಜಮೀನುದಾರನ ಹೆಸರಿನಿಂದಲೇ ಜನ ಅದನ್ನು ಗುರುತಿಸುತ್ತಿದ್ದರು. ಆ ವರ್ಷ ಜನವರಿಯಲ್ಲಿ ಕೆಂಟಕಿಯ ಜನಪ್ರತಿನಿಧಿ ಪ್ರಾಕ್ಟರ್ ನಾಟ್, ರೈಲ್ವೆಗೆ ಸರ್ಕಾರಿ ಜಮೀನು ಕೊಡುವ ಮಸೂದೆಯನ್ನು ವಿರೋಧಿಸುತ್ತ, ಉತ್ತರದ ಮಿನ್ನೆಸೋಟದಲ್ಲಿರುವ ಡುಲುತ್ ಪಟ್ಟಣವನ್ನು ಅಮೆರಿಕದ ಸಂಸತ್ತಿನಲ್ಲಿ ಲೇವಡಿ ಮಾಡಿದ. ಭಾಷಣ ದೇಶದ ತುಂಬ ಮಾತಾಯಿತು. ಅದೇ ವರ್ಷ ಜಾರ್ಜಿಯಾದ ಕೂಡುರಸ್ತೆಗೆ ರೈಲು ಬಂತು, ಜೊತೆಗೆ ಡುಲುತ್ ಎಂಬ ಹೆಸರೂ ಬಂತು.

ಕುದುರೆ ಕಟ್ಟಿ ಮರ ಎಳೆಸುವ ಕಸುಬಿನ ಕಥೆ ಹೇಳಲು ಹೊರಟರೆ ಮೊದಲು ಆ ಉತ್ತರದ ಡುಲುತ್ ಕಡೆಗೇ ನೋಡಬೇಕು. ಅಲ್ಲಿ ಮರ ಕಡಿಯುವುದು ಚಳಿಗಾಲದ ಕೆಲಸ. ರಾತ್ರಿ ನೀರಿನ ತೊಟ್ಟಿ ಹೊತ್ತ ಜಾರುಬಂಡಿ ದಾರಿಯುದ್ದಕ್ಕೂ ನೀರು ಚೆಲ್ಲುತ್ತ ಹೋಗುತ್ತಿತ್ತು. ಬೆಳಗಾಗುವ ಹೊತ್ತಿಗೆ ದಾರಿಯೆಲ್ಲ ಗಾಜಿನಂಥ ಮಂಜುಗಡ್ಡೆ. ಅದರ ಮೇಲೆ ಎರಡೇ ಕುದುರೆಗಳು ಎಳೆಯುತ್ತಿದ್ದ ಹೊರೆ ಕೇಳಿದರೆ ನಂಬುವುದು ಕಷ್ಟ. 1893ರಲ್ಲಿ ಷಿಕಾಗೋ ವಿಶ್ವಮೇಳಕ್ಕೆಂದು ಮಿಚಿಗನ್ನಿನ ಕಾಡಿನಲ್ಲಿ ಐವತ್ತು ಪೈನ್ ದಿಮ್ಮಿಗಳನ್ನು, ಅಂದರೆ 36 ಸಾವಿರ ಬೋರ್ಡ್ ಅಡಿಗೂ ಮಿಕ್ಕಿದ ನಾಟಾವನ್ನು, ಒಂದೇ ಬಂಡಿಯ ಮೇಲೆ ಪೇರಿಸಿ ಒಂದು ಜೋಡಿ ಕುದುರೆಗಳಿಂದ ಎಳೆಸಿದರು. ಅದೇ ಹೊರೆಯನ್ನು ಮೇಳಕ್ಕೆ ಸಾಗಿಸಲು ರೈಲಿನ ಒಂಬತ್ತು ಗಾಡಿಗಳು ಬೇಕಾದವು.

ದಕ್ಷಿಣದ ಡುಲುತ್ತಿಗೆ ಅಂಥ ಮಂಜಿನ ಭಾಗ್ಯವಿಲ್ಲ. ಜಾರ್ಜಿಯಾ, ಕೆರೊಲೈನಾಗಳಲ್ಲಿ ಕೆಂಪು ಮಣ್ಣು, ಕೆಸರು, ಸೆಕೆ. ಇಲ್ಲಿ ಹೇಸರಗತ್ತೆ, ಎತ್ತುಗಳದೇ ಕಾರುಬಾರು. ಆಳೆತ್ತರದ ಎರಡು ಚಕ್ರಗಳ ನಡುವೆ ದಿಮ್ಮಿಯ ತಲೆಯನ್ನು ಎತ್ತಿ ಕಟ್ಟಿ, ಬಾಲ ನೆಲಕ್ಕೆ ತಾಗುವಂತೆ ಎಳೆಸುತ್ತಿದ್ದರು. ಆಗ್ನೇಯ ಅಮೆರಿಕದ ಉದ್ದೆಲೆ ಪೈನ್ ಕಾಡು ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಹಬ್ಬಿತ್ತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ನೂರಕ್ಕೆ ಐದು ಪಾಲೂ ಉಳಿದಿರಲಿಲ್ಲ.

ಈ ಪ್ರದೇಶದ ಕಾಡಿಗೂ ಕನ್ನಡ ನಾಡಿನ ಕಾಡಿಗೂ ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ: ಡಯಟ್ರಿಚ್ ಬ್ರಾಂಡಿಸ್. ಬರ್ಮಾದ ತೇಗದ ಕಾಡುಗಳಲ್ಲಿ ಕೆಲಸ ಕಲಿತ ಈ ಜರ್ಮನ್ ಸಸ್ಯವಿಜ್ಞಾನಿ 1864ರಲ್ಲಿ ಇಂಡಿಯಾದ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದ. ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ ಹುಟ್ಟಿದ್ದೂ ಅದೇ ವರ್ಷ. ನಿವೃತ್ತನಾಗಿ ಜರ್ಮನಿಗೆ ಮರಳಿದ ಮೇಲೆ ಅವನ ಹತ್ತಿರ ಸಲಹೆ ಕೇಳಿ ಬಂದವರಲ್ಲಿ ಅಮೆರಿಕದ ಗಿಫರ್ಡ್ ಪಿಂಚಾಟ್ ಒಬ್ಬ. ಉತ್ತರ ಕೆರೊಲೈನಾದಲ್ಲಿ ವ್ಯಾಂಡರ್‌ಬಿಲ್ಟ್ ಕುಟುಂಬದ ಬಿಲ್ಟ್‌ಮೋರ್ ಎಸ್ಟೇಟಿಗೆ ಅರಣ್ಯಾಧಿಕಾರಿ ಬೇಕಾದಾಗ ಬ್ರಾಂಡಿಸ್ ಸೂಚಿಸಿದ ಹೆಸರು ಕಾರ್ಲ್ ಷೆಂಕ್‌ನದು. ಷೆಂಕ್ 1898ರಲ್ಲಿ ಅಲ್ಲಿ ತೆರೆದದ್ದು ಅಮೆರಿಕದ ಮೊದಲ ಅರಣ್ಯಶಾಸ್ತ್ರ ಶಾಲೆ. ವಿದ್ಯಾರ್ಥಿಗಳು ಕುದುರೆಯೇರಿ ಗುರುವಿನ ಹಿಂದೆ ಬೆಟ್ಟ ಸುತ್ತುತ್ತಿದ್ದರು. ಕೆರೊಲೈನಾದ ಬೆಟ್ಟದಲ್ಲಿ ಕಲಿಸಿದ ಪಾಠದ ಒಂದು ಬೇರು ತೇಗದ ಕಾಡಿನಲ್ಲಿತ್ತು, ಆನೆ ಮರ ಎಳೆಯುತ್ತಿದ್ದ ಕಾಡಿನಲ್ಲಿ.

ಕರ್ನಾಟಕದಲ್ಲಿ ಕುದುರೆಗೆ ಈ ಕೆಲಸ ಬರಲೇ ಇಲ್ಲ. ಕುಣಿಗಲ್ಲಿನ ಅಶ್ವಶಾಲೆಯ ಕುದುರೆಗಳು ದಂಡಿಗೆ, ಸವಾರಿಗೆ, ಆಮೇಲೆ ರೇಸಿಗೆ ಹೋದವು. ಘಟ್ಟದ ಇಳಿಜಾರಿನಲ್ಲಿ ಹಸಿ ತೇಗ, ಮತ್ತಿ, ಬೀಟೆಗಳನ್ನು ಎಳೆಯುವ ಪಾಡು ಎತ್ತಿನದು, ಕೋಣದ್ದು. ದೊಡ್ಡ ದಿಮ್ಮಿಯಾದರೆ ಆನೆಯದು.

ಪ್ರಾಣಿ ಎಳೆದರೆ ಕಾಡು ಉಳಿಯುತ್ತದೆ, ಯಂತ್ರ ಬಂದ ಮೇಲೆಯೇ ಎಲ್ಲ ಕೆಟ್ಟಿತು ಎಂದು ಇತ್ತೀಚೆಗೆ ಅನೇಕರು ಹೇಳುತ್ತಾರೆ. ಪಶ್ಚಿಮ ಘಟ್ಟದ ಇತಿಹಾಸ ಇದನ್ನು ಪೂರ್ತಿ ಒಪ್ಪುವುದಿಲ್ಲ. ಬ್ರಿಟಿಷ್ ನೌಕಾಪಡೆಗೆ ಓಕ್ ಮರ ಸಾಲದಾದಾಗ ಕಣ್ಣು ಬಿದ್ದದ್ದು ಮಲಬಾರಿನ ತೇಗದ ಮೇಲೆ. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯ ಸಂರಕ್ಷಕನೆಂದು ನೇಮಿಸಿದರು. ಹೆಸರಿಗೆ ಸಂರಕ್ಷಕ, ಮಾಡಿದ್ದು ತೇಗದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ ಸ್ಥಾಪಿಸುವ ಕೆಲಸ. ಜನ ರೊಚ್ಚಿಗೆದ್ದರು, 1823ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದ. 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರ್ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲಿದೆ. ಅಂಥ ಹಡಗುಗಳಿಗೆ ಬೇಕಾದ ತೇಗವನ್ನು ಕಾಡಿನಿಂದ ಹೊಳೆಯ ದಂಡೆಗೆ ತಂದದ್ದು ಆನೆ ಮತ್ತು ಎತ್ತು. ಹೊಳೆಯಲ್ಲಿ ತೇಲಿಸಲು ದಿಮ್ಮಿಗೆ ಬಿದಿರು ಕಟ್ಟುತ್ತಿದ್ದರು. ಲಾರಿಯಿಲ್ಲ, ಯಂತ್ರದ ಗರಗಸವಿಲ್ಲ. ಹಾಗಿದ್ದೂ 1840ರ ದಶಕದ ಹೊತ್ತಿಗೆ ಮಲಬಾರಿನ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ತೇಗದ ಸಸಿ ನೆಡಿಸಬೇಕಾಯಿತು, ಏಕೆಂದರೆ ಕೈಗೆ ಸಿಗುವ ದೂರದ ಒಳ್ಳೆಯ ಮರ ಮುಗಿದಿತ್ತು. ಕಾಡಿನ ಹಣೆಬರಹ ಬರೆದದ್ದು ಎಳೆಯುವ ಪ್ರಾಣಿಯಲ್ಲ, ಎಷ್ಟು ಎಳೆಯಬೇಕೆಂದು ಹುಕುಂ ಮಾಡಿದವರು.

ಹುಕುಂ ಮಾಡಿದವರ ಹೆಸರುಗಳು ದಫ್ತರದಲ್ಲಿವೆ. ಎಳೆಸಿದವರ ಹೆಸರುಗಳು ಇಲ್ಲ. ಮೈಸೂರು, ಕೊಡಗಿನ ಆನೆಬಿಡಾರಗಳ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಬಹುತೇಕ ಜೇನುಕುರುಬರು. ಅವರಿಗೆ ಆನೆ ಸಿಕ್ಕುತ್ತಿದ್ದದ್ದು ಖೆಡ್ಡಾದಿಂದ, ಅಂದರೆ ಕಾಡಾನೆಯ ಹಿಂಡನ್ನು ಆವರಣದೊಳಕ್ಕೆ ಅಟ್ಟಿ ಸೆರೆಹಿಡಿಯುವ ಕೆಲಸದಿಂದ. ಹೈದರನ ಕಾಲದಲ್ಲಿ ಕೈಗೂಡದ ಆ ಕೆಲಸವನ್ನು 1874ರಲ್ಲಿ ಚಾಮರಾಜನಗರದ ಕಡೆ ಸಾಧಿಸಿದವನು ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ. ಆಮೇಲೆ ಕಬಿನಿ ದಂಡೆಯ ಕಾಕನಕೋಟೆ ಖೆಡ್ಡಾಕ್ಕೇ ಹೆಸರಾಯಿತು. ವೈಸರಾಯ್‌ಗಳಿಗೆ, ರಾಜಕುಮಾರರಿಗೆ ಅದು ತೋರಿಸುವ ಸಂಭ್ರಮ. ಆದರೆ ಸಂಭ್ರಮ ಮುಗಿದ ಮೇಲೆ, ಹಿಡಿದ ಆನೆಯನ್ನು ಕ್ರಾಲ್ ಎಂಬ ಮರದ ದೊಡ್ಡಿಯಲ್ಲಿಟ್ಟು ಪಳಗಿಸಿ, ಮರ ಕಡಿಯಲು ಗುರುತಿಸಿದ ಕೂಪಿಗೆ ಕರೆದೊಯ್ದು ಮರ ಎಳೆಯುವುದನ್ನು ಕಲಿಸುತ್ತಿದ್ದವರು ಜೇನುಕುರುಬರೇ.

ಆ ಕೆಲಸದ ದಿನ ಶುರುವಾಗುತ್ತಿದ್ದದ್ದು ಆನೆಯನ್ನು ಹುಡುಕುವುದರಿಂದ. ರಾತ್ರಿ ಕಾಲಿಗೆ ಉದ್ದನೆಯ ಸರಪಳಿ ಬಿಟ್ಟು ಆನೆಯನ್ನು ಮೇಯಲು ಕಾಡಿಗೆ ಕಳಿಸುತ್ತಿದ್ದರು. ನಸುಕಿನಲ್ಲಿ ಕಾವಾಡಿ ಎಲೆಯ ಮೇಲೆ, ಮಣ್ಣಿನ ಮೇಲೆ ಸರಪಳಿ ಎಳೆದ ಗೆರೆ ಹಿಡಿದು ನಡೆದು, ತನ್ನ ಆನೆಯನ್ನು ಹೆಸರು ಕೂಗಿ ಕರೆಯುತ್ತಿದ್ದ. ಹೊಳೆಯಲ್ಲಿ ಮೈ ತಿಕ್ಕಿ ತೊಳೆದು, ರಾಗಿ ಮುದ್ದೆ, ಬೆಲ್ಲ ತಿನ್ನಿಸಿದ ಮೇಲೆ ಕೂಪಿನ ಕಡೆ ಪಯಣ. ಬಿಸಿಲೇರುವ ಮುಂಚೆ ಎಷ್ಟು ಕೆಲಸವಾಗುತ್ತದೋ ಅಷ್ಟು. ದಿಮ್ಮಿಯ ತುದಿಗೆ ತೂತು ಕೊರೆದು ಹಗ್ಗವನ್ನೋ ಸರಪಳಿಯನ್ನೋ ಪೋಣಿಸುತ್ತಿದ್ದರು. ಬರ್ಮಾದಲ್ಲಿ ಆನೆಯ ಎದೆಗೆ ಪಟ್ಟಿ ಕಟ್ಟಿ ಎಳೆಸುವ ಪದ್ಧತಿ. ಮಲಬಾರಿನ ಕಡೆ ನಾರಿನ ದಪ್ಪ ಹಗ್ಗವನ್ನು ಆನೆ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿತ್ತು. ಹಲ್ಲಿನಲ್ಲಿ ಕಚ್ಚಿದ ಹಗ್ಗಕ್ಕೆ ಒಂದು ಗುಣ: ದಿಮ್ಮಿ ಇಳಿಜಾರಿನಲ್ಲಿ ಜಾರಿ ಬಂದರೆ ಆನೆ ತಟ್ಟನೆ ಹಗ್ಗ ಬಿಟ್ಟು ಪಕ್ಕಕ್ಕೆ ಸರಿಯಬಹುದು. ಎದೆಪಟ್ಟಿಯ ಆನೆಗೆ ಆ ಸ್ವಾತಂತ್ರ್ಯವಿಲ್ಲ.

ದುಬಾರೆ, ಶಿವಮೊಗ್ಗದ ಸಕ್ರೆಬೈಲು: ಇಂದು ಪ್ರವಾಸಿಗರು ಆನೆ ನೋಡಲು ಹೋಗುವ ಈ ಬಿಡಾರಗಳು ನಾಟಾ ಎಳೆಯುವ ಆನೆಗಳ ನೆಲೆಗಳಾಗಿದ್ದವು. ಕಾಡಿನಿಂದ ದಾರಿಗೆ, ದಾರಿಯಿಂದ ಡಿಪೋಗೆ, ಡಿಪೋದಲ್ಲಿ ಲಾಟು ಕಟ್ಟಿ ಹರಾಜು. ಅಲ್ಲಿಂದ ಮರ ರೈಲಿನ ಸ್ಲೀಪರ್ ಆಯಿತು, ಸೇತುವೆಯಾಯಿತು, ಮನೆಯ ತೊಲೆಯಾಯಿತು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಕಲ್ಲಿದ್ದಲಿನ ಬದಲು ಸುರಿದದ್ದು ಮಲೆನಾಡಿನ ಮರದ ಇದ್ದಿಲು.

ಉತ್ತಮ ಮರದ ಒಂದು ಸಣ್ಣ ಪಾಲು ಮಾತ್ರ ನುರಿತ ಕೈಗಳಿಗೆ ಸೇರುತ್ತಿತ್ತು. ಸಾಗರ, ಸೊರಬ, ಕುಮಟಾ, ಹೊನ್ನಾವರಗಳ ಗುಡಿಗಾರರು ಆ ಕೈಗಳಲ್ಲಿ ಮುಖ್ಯರು. ಗೋವೆಯಿಂದ ಘಟ್ಟ ಹತ್ತಿ ಬಂದವರೆಂದು ಅವರ ಹಿರಿಯರು ಹೇಳುತ್ತ ಬಂದಿದ್ದಾರೆ. ಗಂಧ, ಹಿಂದೆ ದಂತವೂ, ಅವರ ಹೆಸರುವಾಸಿ ಕೆಲಸ. ಮದುವೆಯ ಬಾಸಿಂಗಕ್ಕೆ ಬೆಂಡು ಕೊರೆಯುವುದೂ ಅವರದೇ ಕೆಲಸ. ಬೆರಳಿನ ಒತ್ತಡಕ್ಕೇ ನಲುಗುವ ಬೆಂಡು ಮತ್ತು ಉಳಿಯನ್ನು ಮೊಂಡು ಮಾಡುವ ಗಂಧದ ಚೇಗು, ಎರಡೂ ಒಂದೇ ಮನೆಯ ಜಗಲಿಯಲ್ಲಿ. ಗಂಧದ ಕೆತ್ತನೆಗೆ ಕೂತವನ ಮುಂದೆ ಹತ್ತಾರು ಉಳಿಗಳು ಸಾಲಾಗಿರುತ್ತವೆ, ಕೆಲವು ದಬ್ಬಣದಷ್ಟೇ ಸಣ್ಣವು. ಮೊದಲು ಕೊಡತಿಯಿಂದ ಬಡಿದು ಒರಟು ಆಕಾರ ತೆಗೆಯುತ್ತಾನೆ. ಹೂಬಳ್ಳಿಯ ಎಸಳು, ದೇವರ ಕಿರೀಟದ ಅಂಚು ಬರುವಾಗ ಕೊಡತಿ ಪಕ್ಕಕ್ಕೆ ಸರಿಯುತ್ತದೆ. ಉಳಿಯನ್ನು ಅಂಗೈಯಿಂದ ಒತ್ತಿ, ಮರದ ಎಳೆ ಯಾವ ಕಡೆ ಓಡುತ್ತದೆ ಎಂದು ನೋಡುತ್ತ ಕೂದಲೆಳೆಯಷ್ಟು ತೆಗೆಯುತ್ತ ಹೋಗುತ್ತಾನೆ. ಉದುರಿದ ಪುಡಿಯನ್ನೂ ಗುಡಿಸಿ ಎತ್ತಿಡುತ್ತಾರೆ, ಅದಕ್ಕೂ ಬೆಲೆಯಿದೆ.

ಆ ಬೆಲೆಯ ಹಿಂದೆ ಸರ್ಕಾರವಿತ್ತು. ಟಿಪ್ಪುವಿನ ಕಾಲದಿಂದ ಮೈಸೂರಿನಲ್ಲಿ ಶ್ರೀಗಂಧ ರಾಜವೃಕ್ಷ. ಯಾರ ಹೊಲದಲ್ಲಿ ಬೆಳೆದರೂ ಮರ ಪ್ರಭುತ್ವದ್ದು. ಗಂಧದ ಮರವನ್ನು ಕಡಿಯುತ್ತಿರಲಿಲ್ಲ, ಬೇರುಸಹಿತ ಕೀಳುತ್ತಿದ್ದರು, ಎಣ್ಣೆ ಹೆಚ್ಚಿರುವುದೇ ಬೇರಿನಲ್ಲಿ. ಸರ್ಕಾರದ ಗಂಧದ ಕೋಠಿಗೆ ಬಂದ ಕೊರಡುಗಳಿಗೆ ವಿಲಾಯತ್ ಬುಧ, ಚೀನಾ ಬುಧ, ಪಂಜಂ ಎಂದು ದರ್ಜೆಗಳ ಹೆಸರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧ ಕಳಿಸುವ ದಾರಿ ಮುಚ್ಚಿದಾಗ 1916ರಲ್ಲಿ ಸಂಸ್ಥಾನವೇ ಎಣ್ಣೆ ತೆಗೆಯತೊಡಗಿತು. ಕೆತ್ತನೆಗಾರನ ಮರಕ್ಕೆ ಕಾರ್ಖಾನೆಯೂ ಪೈಪೋಟಿಗೆ ನಿಂತಿತು.

ಕಾಡಿನ ಕೂಪುಗಳು ಮುಚ್ಚಿದ್ದು ತಾವಾಗಿಯೇ ಅಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಾಲ್ಕಣಿಯ ಹೆಂಗಸರು, ಗಂಡಸರು, ಯುವಕರು ಕಳಸೆ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತ ಆ ಅಪ್ಪಿಕೋ ಚಳವಳಿ ಊರಿಂದೂರಿಗೆ ಹಬ್ಬಿ, ಘಟ್ಟದ ಹಸಿರು ಮರ ಕಡಿಯುವುದಕ್ಕೆ ಸರ್ಕಾರ ಕಡಿವಾಣ ಹಾಕಬೇಕಾಯಿತು. ಖೆಡ್ಡಾ ಅದಕ್ಕೂ ಮುಂಚೆ, 1971ರಲ್ಲೇ, ಕೊನೆಯಾಗಿತ್ತು. ಕಾಕನಕೋಟೆಯ ಆ ಜಾಗ ಕಬಿನಿ ಹಿನ್ನೀರಿನ ಪಾಲಾಯಿತು. ಎಳೆಯಲು ಮರವಿಲ್ಲದ ಆನೆಗಳಿಗೆ ಬೇರೆ ಕೆಲಸ ಬಂತು: ದಸರಾ ಮೆರವಣಿಗೆ, ಕಾಡಾನೆ ಹಿಡಿಯುವ ಕಾರ್ಯಾಚರಣೆ. 1968ರಲ್ಲಿ ಕಾಕನಕೋಟೆಯಲ್ಲಿ ಸೆರೆಯಾದ ಅರ್ಜುನ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು 2012ರಿಂದ ಎಂಟು ಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಕಾಡಿನಲ್ಲಿ, ಕಾಡಾನೆ ಹಿಡಿಯುವ ಕೆಲಸದಲ್ಲೇ, ಸಲಗವೊಂದರ ತಿವಿತಕ್ಕೆ ಸತ್ತ. ಅರ್ಜುನನಿಗಾಗಿ ನಾಡೇ ಅತ್ತಿತು, ಅಳಬೇಕಾದದ್ದೇ. ಅಂಥ ಆನೆಗಳನ್ನು ತಲೆಮಾರುಗಳಿಂದ ನಡೆಸಿದ ಜೇನುಕುರುಬರ ವಿದ್ಯೆಯನ್ನು ಅವರ ಬಾಯಿಂದಲೇ ಬರೆದಿಟ್ಟುಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ, ಹಳಬರು ಒಬ್ಬೊಬ್ಬರೇ ಹೋಗುತ್ತಿದ್ದಾರೆ.

ಅಮೆರಿಕದ ಆಗ್ನೇಯ ಭಾಗದಲ್ಲಿ ಕುದುರೆಯ ವಿದ್ಯೆ ಬೇರೆ ದಾರಿ ಹಿಡಿದು ಉಳಿದಿದೆ. ವರ್ಜೀನಿಯಾದ ಬೆಟ್ಟಗಳಲ್ಲಿ ಜೇಸನ್ ರಟ್ಲೆಜ್ ಎಂಬವರು ಸಫೋಕ್ ತಳಿಯ ಕುದುರೆಗಳಿಂದ ಮರ ಎಳೆಸುತ್ತ, ಆ ಕೆಲಸವನ್ನು ಯುವಕರಿಗೆ ಕಲಿಸಲು ಸಂಸ್ಥೆ ಕಟ್ಟಿದರು. ಅವರ ನಿಯಮ ಸರಳ: ಕಾಡಿನಲ್ಲಿ ಮೊದಲು ತೆಗೆಯಬೇಕಾದದ್ದು ಕೆಟ್ಟ ಮರ, ಸೊಟ್ಟ ಮರ, ರೋಗದ ಮರ, ಒಳ್ಳೆಯದು ನಿಂತು ಬೀಜ ಉದುರಿಸಲಿ. ಕಂಪನಿಯ ಕಾಲದ ಮಲಬಾರಿನಲ್ಲಿ ಇದರ ತದ್ವಿರುದ್ಧ ನಡೆದಿತ್ತು. ಎಳೆದದ್ದು ಎರಡೂ ಕಡೆ ಪ್ರಾಣಿಯೇ. ಕೆತ್ತನೆಯ ವಿದ್ಯೆಯೂ ಅಲ್ಲಿ ಉಳಿದಿದೆ: ಜಾರ್ಜಿಯಾದ ಡುಲುತ್ತಿನಿಂದ ಉತ್ತರಕ್ಕೆ, ಉತ್ತರ ಕೆರೊಲೈನಾದ ಬ್ರಾಸ್‌ಟೌನಿನಲ್ಲಿ 1925ರಲ್ಲಿ ಆರಂಭವಾದ ಜಾನ್ ಸಿ. ಕ್ಯಾಂಪ್‌ಬೆಲ್ ಜನಪದ ಶಾಲೆಯಲ್ಲಿ ಮರದ ಕೆತ್ತನೆಯನ್ನು ಇಂದಿಗೂ ಕಲಿಸುತ್ತಾರೆ. ಬೆಟ್ಟದ ರೈತರು ಚಾಕುವಿನಿಂದ ಕೊರೆದ ಹಸು, ಹಂದಿ, ಕತ್ತೆಗಳಿಂದ ಆ ಊರಿಗೆ ಹೆಸರು ಬಂತು.

ಗುಡಿಗಾರರಿಗೆ ಮರ ಸಿಗುವುದು ಮಾತ್ರ ಇನ್ನೂ ಕಷ್ಟ. 2001ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿ, ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯ ಎಂದು ಒಪ್ಪಿತು. ರೈತರು ನೆಡತೊಡಗಿದರು. ಆದರೆ ಗಂಧದ ಮರ ಕೆತ್ತನೆಗೆ ತಕ್ಕ ಚೇಗು ಕಟ್ಟಲು ಹದಿನೈದು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ, ಅಷ್ಟರೊಳಗೆ ಕಳ್ಳರು ಬಿಡಬೇಕು. ಆಗ ನೆಟ್ಟ ಸಸಿಗಳಲ್ಲಿ ಬದುಕಿ ಉಳಿದವು ಈಗಷ್ಟೇ ಉಳಿಗೆ ಒದಗುವ ವಯಸ್ಸಿಗೆ ಬರುತ್ತಿವೆ.