ಕೈಯಾಗ ಎರಡು, ನಡುವ ಐದು: ಎಲಿ ಆಟದ ಹಳೀ ಕತಿ

ನಮ್ಮ ತಾಳಿಕೋಟಿ ಕಡೆ ಎಲಿ ಅಂದ್ರ ಎರಡು. ಒಂದು ಅಡಕಿ ಸುಣ್ಣದ ಜೋಡಿ ತಿನ್ನೋದು, ಇನ್ನೊಂದು ಆಡೋದು. ತಿನ್ನೋ ಎಲಿ ಹೆಣ್ಣಮಕ್ಕಳ ಕೈಯಾಗೂ ಇರತೈತಿ. ಆಡೋ ಎಲಿ ಮಾತ್ರ ಗಂಡಸರ ಸೊತ್ತು. ನಾಗರಪಂಚಮಿ ಬಂತಂದ್ರ ನಾವು ಉಂಡಿ ಕಟ್ಟಿ ಜೋಕಾಲಿ ಆಡ್ತೀವಿ, ಅವರು ಹೊಲದಾಗೋ ಗುಡಿ ಹಿಂದೋ ಚಾಪಿ ಹಾಸ್ತಾರ. ನಮಗ ಚೌಕಾಬಾರಾ, ಅಳಗುಳಿಮನಿ ಸಾಕು ಅಂತ ಹಿರ್ಯಾರು ಅಂದಿದ್ರು. ಎಲಿ ಮುಟ್ಟಬ್ಯಾಡ ಅಂದ್ರು, ಮುಟ್ಟಲಿಲ್ಲ. ಆದ್ರ ಸೋತದ್ದು ಮಾತ್ರ ನಮ್ಮ ಲೆಕ್ಕಕ್ಕ ಬಂತು. ಬೋರಮಾಳ ಅಡವು ಹೋಗೋದು ನಮ್ಮ ಕೊರಳಿಂದ ಅಲ್ಲೇನ್ರಿ?

ಹಿಂದಿನ ಓಣಿ ವೈನಿ ಹೋದ ತಿಂಗಳು ಕೇಳಿದ್ರು: "ಪೋಕರ್ ಅಂದ್ರ ಏನ್ರೀ? ಇದು ಜೂಜಲ್ಲವ್ವಾ, ಬುದ್ಧಿ ಆಟ ಅಂತಾನ ಹುಡುಗ. ಏನ್ ಹೇಳಬೇಕೋ ತಿಳೀವಲ್ದು." ಅವರಿಗೆ ಅಂತ ಕುಂತು ತಿಳ್ಕೊಂಡದ್ದನ್ನ ಇಲ್ಲಿ ಬರದೀನಿ.

ಆಟದ ನೇಮ ಹೆಂಗಸರಿಗ್ಯಾಕ ಅನ್ನೋರು ಭಾರತದ ಕತಿ ನೆನಸ್ಕೋಬೇಕು. ಸಭಾಕ್ಕ ಬಾ ಅಂತ ಹೇಳಿಕಳಿಸಿದಾಗ ದ್ರೌಪದಿ ಮೊದಲ ಅಳಲಿಲ್ಲ. ಧರ್ಮರಾಯ ಮೊದಲ ತನ್ನನ್ನ ಸೋತನೋ, ನನ್ನನ್ನ ಸೋತನೋ ಅಂತ ಕೇಳಿದಳು. ತನ್ನನ್ನ ತಾನ ಸೋತಾವ ಮತ್ತೊಬ್ಬರನ್ನ ಪಣಕ್ಕ ಇಡಾಕ ಬರತೈತೇನು ಅಂತ. ಅದು ಪೂರಾ ಆಟದ ನೇಮದ ಪ್ರಶ್ನಿ. ಭೀಷ್ಮನಂಥ ಭೀಷ್ಮಗೂ ಉತ್ತರ ಹೊಳೀಲಿಲ್ಲ.

ಅದು ದಾಳದ ಆಟ. ಎಲಿ ಬಂದದ್ದು ಬಾಳ ತಡಾ. ಬಾಬರ 1527ರಾಗ ಸಿಂಧ್‌ನ ಶಾ ಹಸನ್‌ಗ ಗಂಜೀಫಾ ಎಲಿ ಕಳಿಸಿದ್ದನ್ನ ತನ್ನ ದಿನಚರಿಯಾಗ ಬರದಾನ. ಗಂಜೀಫಾ ಎಲಿ ದುಂಡಗ, ಮ್ಯಾಲ ಬಣ್ಣ, ಅರಗಿನ ಹೊಳಪು. ಮೊಗಲರ ಕಟ್ಟಿನಾಗ ಎಂಟು ಜಾತಿ, ಜಾತಿಗೆ 12ರಂಗ 96 ಎಲಿ. ನಮ್ಮವರು ಅದಕ್ಕ ದಶಾವತಾರ ತಂದು ಕುಂದ್ರಿಸಿದ್ರು: ಹತ್ತು ಅವತಾರ, 120 ಎಲಿ. ಬೆಳಗಾವಿ ಘಟ್ಟದ ಕೆಳಗಿನ ಸಾವಂತವಾಡಿಯಾಗ ಇವತ್ತಿಗೂ ಇವನ್ನ ಕೈಲೇ ಬರೀತಾರ. ಈ ಆಟದಾಗ ಹಗಲು ರಾಮ ಮುಂದ, ರಾತ್ರಿ ಕೃಷ್ಣ ಮುಂದ. ಐದು ಅವತಾರಕ್ಕ ರಾಜಾ ಮಂತ್ರಿ ಆದ ಮ್ಯಾಲ ಎಕ್ಕಾ ದೊಡ್ಡದು, ಉಳದ ಐದಕ್ಕ ಹತ್ತು ದೊಡ್ಡದು. ಇಷ್ಟು ನೆನಪಿಡೋರಿಗೆ ಮಸಾಲಿ ಡಬ್ಬಿ ಎಲ್ಲೈತಿ ಅನ್ನೋದು ಯಾಕ ನೆನಪಿರಂಗಿಲ್ಲೋ, ದೇವರಿಗೇ ಗೊತ್ತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಒಂದು ಹೆಜ್ಜಿ ಮುಂದ ಹೋದ್ರು. 1831ರಾಗ ಇಂಗ್ಲಿಷರು ರಾಜ್ಯದ ಕಾರಭಾರ ಕಸಗೊಂಡ ಮ್ಯಾಲ, 1868ರಾಗ ತೀರಿಕೊಳ್ಳೋತನಕ ಕಲಿ, ಪುಸ್ತಕ, ಆಟ ಇವಕ್ಕ ಮನಸ್ಸು ಕೊಟ್ರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಅನ್ನೋ ಭಾಗದಾಗ 13 ಬಗಿ ಎಲಿ ಆಟ ಬರಸಿದ್ರು. ದೊಡ್ಡ ಕಟ್ಟಿನಾಗ 360 ಎಲಿ. ಆಟ ಇಷ್ಟು ತೊಡಕಾದ್ರ ಯಾರು ಆಡ್ಯಾರು? ಅಚ್ಚಾದ 52 ಎಲಿ ಕಟ್ಟು ಸೋವಿ, ಸಸಾರ, ಅದ ಉಳೀತು. ಅದರಾಗಿನ ಕಳಾವರ ಅನ್ನೋ ಮಾತು ಡಚ್ಚರ ‘ಕ್ಲಾವರ್’, ಮೂರೆಲಿ ಹುಲ್ಲಿನ ಹೆಸರು.

ಇನ್ನ ಪೋಕರ್. ಈ ಬಗಿ ಆಟ ಹುಟ್ಟಿದ್ದು ಅಮೆರಿಕಾದ ಟೆಕ್ಸಾಸ್‌ನ ರಾಬ್ಸ್‌ಟೌನ್ ಅಂತ 2007ರಾಗ ಅಲ್ಲಿನ ಶಾಸನಸಭಾ ಒಪ್ಪಿಕೊಂಡೈತಿ. ನೇಮ ಹಿಂಗ: ಒಬ್ಬೊಬ್ಬರಿಗೆ ಎರಡೆರಡು ಎಲಿ, ಯಾರಿಗೂ ತೋರಸಂಗಿಲ್ಲ. ನಡುವ ಐದು ಎಲಿ, ಅವು ಎಲ್ಲಾರವೂ. ನಿಮ್ಮ ಗಂಗಾಳದಾಗ ಎರಡು ರೊಟ್ಟಿ, ನಡುವ ಐದು ಪಲ್ಯಾ ಇಟ್ಟಂಗ. ಏಳರಾಗ ಚಲೋ ಐದು ಆರಿಸಿ ಕಟ್ಟಬೇಕು.

ನಡುವಿನವು ಒಮ್ಮೆಲೆ ತೆರಿಯಂಗಿಲ್ಲ. ಮೊದಲ ಮೂರು, ಆಮ್ಯಾಲ ಒಂದು, ಕಡೀಕ ಒಂದು. ಕೈಯಾಗಿನ ಎರಡು ಎಲಿ ಬಂದಾಗ ಒಮ್ಮೆ, ಆಮ್ಯಾಲ ತೆರದಾಗೊಮ್ಮೆ, ಹಿಂಗ ನಾಕು ಸಲ ರೊಕ್ಕ ಹಾಕೋ ಪಾಳಿ. ಇಬ್ಬರು ಎಲಿ ನೋಡೋಕ್ಕಿಂತ ಮೊದಲ ರೊಕ್ಕ ಇಡಬೇಕು, ಆ ಇಡೋ ಪಾಳಿ ಎಲ್ಲಾರಿಗೂ ಸುತ್ತತೈತಿ. ಉಳದಾವರು ಅಷ್ಟ ಹಾಕಬೇಕು, ಹೆಚ್ಚ ಹಾಕಬೇಕು, ಇಲ್ಲಾ ಎಲಿ ಒಗದು ಸುಮ್ಮನ ಕೂಡಬೇಕು. ಎಲ್ಲಾರೂ ಒಗದ್ರ ಉಳದಾವಂದ ರೊಕ್ಕ, ಅವನ ಎಲಿ ಎಷ್ಟ ಹಾಳ ಇದ್ರೂ.

ಸಣ್ಣದ್ರಿಂದ ದೊಡ್ಡದಕ್ಕ: ಜೋಡಿ, ಎರಡು ಜೋಡಿ, ಒಂದೇ ಅಂಕಿ ಮೂರು, ಐದರ ಸಾಲು, ಒಂದೇ ಜಾತಿ ಐದು, ಮೂರರ ಜೋಡಿ ಎರಡು, ಒಂದೇ ಅಂಕಿ ನಾಕು, ಒಂದೇ ಜಾತಿ ಸಾಲು. ಮೂರೆಲಿ ಆಟ ಗೊತ್ತಿದ್ದವರು ಇಲ್ಲೇ ಎಡವ್ತಾರ. ಮೂರೆಲಿಯಾಗ ಬರೇ ಸಾಲು ಬರೋ ದಾರಿ 720, ಒಂದೇ ಜಾತಿ ಬರೋ ದಾರಿ 1,096, ಅದಕ್ಕ ಸಾಲು ದೊಡ್ಡದು. ಐದೆಲಿಯಾಗ ಸಾಲಿಗೆ 10,200, ಜಾತಿಗೆ 5,108, ಅದಕ್ಕ ಜಾತಿ ದೊಡ್ಡದು. ಸಿಗೋದು ಕಡಿಮಿ ಇದ್ರ ಬೆಲಿ ಹೆಚ್ಚು, ಸಂತ್ಯಾಗಿನ ಲೆಕ್ಕಾನ. ಕೈಯಾಗ ಎರಡು ಎಕ್ಕಾ ಬರೋದು 221 ಸಲಕ್ಕ ಒಮ್ಮೆ.

ಹಂಗಾರ ಬುದ್ಧಿ ಆಟ ಅನ್ನೋದು ಖರೇನೋ ಸುಳ್ಳೋ? ಕೋರ್ಟಿನಾಗೂ ಈ ಜಗಳ ಹಳೀದು. 1967ರಾಗ ಸುಪ್ರೀಂ ಕೋರ್ಟ್ ರಮ್ಮಿ ಬುದ್ಧಿ ಆಟ, ಮೂರೆಲಿ ಹಂಗಲ್ಲ ಅಂತು. 2021ರಾಗ ನಮ್ಮ ಸರಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ರೊಕ್ಕದ ಆಟ ನಿಲ್ಲಿಸಿತು, 2022ರ ಫೆಬ್ರುವರಿಯಾಗ ಹೈಕೋರ್ಟ್ ಆ ತಿದ್ದುಪಡಿ ತಗದು ಹಾಕಿತು. 2025ರ ಆಗಸ್ಟಿನಾಗ ಪಾರ್ಲಿಮೆಂಟು, ಬುದ್ಧಿ ಇರಲಿ ದೈವ ಇರಲಿ, ಆನ್‌ಲೈನ್ ರೊಕ್ಕದ ಆಟ ಬ್ಯಾಡ ಅಂತ ಕಾಯ್ದೆ ಮಾಡಿತು. ಗೋವಾದ ಮಾಂಡೋವಿ ಹೊಳಿಯಾಗಿನ ಕ್ಯಾಸಿನೊ ಹಡಗ ಮಾತ್ರ ನಮಗ ದೂರಿಲ್ಲ.

ನನ್ನ ಮಾತು: ಹುಡುಗ ಅಂದದ್ದು ಅರ್ಧ ಖರೆ. ಎಲಿ ಯಾವಾಗ ಒಗೀಬೇಕು ಅನ್ನೋದಕ್ಕ ಬುದ್ಧಿ ಬೇಕ. ಆದ್ರ ಆಡಸೋ ಕಂಪನಿ ಪ್ರತಿ ಆಟದ ರೊಕ್ಕದಾಗ ತನ್ನ ಪಾಲು ತಗೋತೈತಿ. ಯಾರ ಗೆದ್ರೂ ಅದಕ್ಕ ಬರೋದು ಬರತೈತಿ. ಹುಡುಗ ಈ ಪಾಲಿನ ಮಾತು ಎತ್ತಿರಂಗಿಲ್ಲ.

ವೈನಿಗೆ ಬಾಯಿಲೆ ಹೇಳಿದ್ರ ತಲಿಗೆ ಹತ್ತಲಿಲ್ಲ. ಹಂಗಾಗಿ ಒಂದು ಐತವಾರ ನಾವು ನಾಕು ಮಂದಿ ಪಡಸಾಲ್ಯಾಗ ಕುಂತ್ವಿ. ತಲಿಗೆ 50 ಹುಣಸಿ ಬೀಜ, ಒಟ್ಟ 200. ಪಕ್ಕದಾಗ ಒಂದು ಬೋಗಣಿ, ಅದ ಕಂಪನಿ. ಯಾರ ಗೆದ್ರೂ ಆಟಕ್ಕ ಎರಡು ಬೀಜ ಬೋಗಣಿಗೆ. ದೀಪ ಹಚ್ಚೋ ಹೊತ್ತಿಗೆ 40 ಆಟ ಆಗಿದ್ವು. ಇಬ್ಬರದು ಪೂರಾ ಮುಗದಿತ್ತು, ನನ್ನ ಹತ್ರ 49, ವೈನಿ ಹತ್ರ 71. ಗೆದ್ದೆ ಅಂತ ವೈನಿ ನಕ್ಕರು. ಆಮ್ಯಾಲ ಬೋಗಣಿ ಮಗಚಿ ಎಣಿಸಿದ್ರು, 80 ಇದ್ವು. ಆ ಬೋಗಣಿ ಹಂಗ ಎತ್ಕೊಂಡು ಮಗನಿಗೆ ತೋರಸಾಕ ಹೋದ್ರು.