ತಮ್ಮನ ಟ್ಯಾಂಕು
ದಸರಾ ಗೊಂಬೆಗಳ ಜೊತೆ ತೀರಿಹೋದ ತಮ್ಮನ ಪ್ಲಾಸ್ಟಿಕ್ ಷರ್ಮನ್ ಟ್ಯಾಂಕನ್ನೂ ಕೂರಿಸುತ್ತೇನೆ. 1965ರಲ್ಲಿ ಅಸಲ್ ಉತ್ತರದಲ್ಲಿ ನಮ್ಮ ಸೇನೆ ಪ್ಯಾಟನ್‌ಗಳನ್ನು ಎದುರಿಸಿದಾಗ ಷರ್ಮನ್‌ಗಳೂ ಇದ್ದವೆಂದು ಅವನೇ ಹೇಳಿದ್ದ.

ಒಂದು ವರ್ಷ ಪೆಟ್ಟಿಗೆ ತೆಗೆದರೆ ಒಂದು ಚಕ್ರವೇ ಇಲ್ಲ! ಕೋಲಾರ, ಮಾಲೂರು, ಮುಳಬಾಗಿಲಿನ ಅಂಗಡಿಗಳಲ್ಲಿ ಕೇಳಿದೆ, ಸಿಗಲಿಲ್ಲ. ತಯಾರಿಸಿದ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1981ರಲ್ಲೇ ದಿವಾಳಿಯಾಗಿತ್ತು. ಆದರೆ ಅದರ ಉಕ್ಕಿನ ಅಚ್ಚುಗಳು ಉಳಿದವು. ಕೈಯಿಂದ ಕೈಗೆ ಸಾಗಿ, 2006ರಲ್ಲಿ ಹಾರ್ನ್‌ಬಿ ಕಂಪನಿಗೆ ಸೇರಿದವು. ಆಮೇಲೆ ಏರ್‌ಫಿಕ್ಸ್‌ನ ಎಷ್ಟೋ ಕಿಟ್‌ಗಳು ಭಾರತದಲ್ಲೇ ತಯಾರಾದವು. ಒರಳು, ಅಚ್ಚು ಇದ್ದರೆ ಚಕ್ಕುಲಿ ಯಾವಾಗ ಬೇಕಾದರೂ ಒತ್ತಬಹುದಲ್ಲವೇ?

ಹೊಸ ಡಬ್ಬಿ ತರಿಸಿ, ಅದರ ಚಕ್ರ ಅಂಟಿಸಿದೆ. ಬಣ್ಣ ಮಾತ್ರ ಹಚ್ಚಿಲ್ಲ. ಅದು ತಮ್ಮನ ಕೆಲಸ.