ಕಾಡತೂಸು: ಕಾಗದದಿಂದ ಹುಟ್ಟಿದ ಮಾತು

ಪುಣೆಯ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಸ್ಥಾಪನೆಯಾದದ್ದು 1869ರಲ್ಲಿ. ಅಲ್ಲಿ ತಯಾರಾಗುವ ವಸ್ತುವನ್ನು ಮರಾಠಿಗರು ‘ಕಾಡತೂಸ’ ಎನ್ನುತ್ತಾರೆ, ನಮಗದು ‘ಕಾಡತೂಸು’. ಕನ್ನಡದ ಕಿವಿಗೆ ಈ ಪದದಲ್ಲಿ ‘ಕಾಡು’ ಕೇಳಿಸುತ್ತದೆ. ಕೋವಿ ಹಿಡಿದು ಬೇಟೆಗೆ ಹೊರಡುವವರ ಮಾತಾದ್ದರಿಂದ ಆ ಭ್ರಮೆ ಸಹಜವೇ. ಆದರೆ ಪದದೊಳಗೆ ಅಡಗಿರುವುದು ಕಾಡಲ್ಲ, ಕಾಗದ.

ಗ್ರೀಕರ ‘ಖಾರ್ತೇಸ್’ ಎಂದರೆ ಬರೆಯುವ ಹಾಳೆ. ಅದು ಲ್ಯಾಟಿನ್ನಿನಲ್ಲಿ ‘ಖಾರ್ತಾ’, ಇಟಾಲಿಯನ್ನಿನಲ್ಲಿ ‘ಕಾರ್ತಾ’ ಆಯಿತು. ಸುತ್ತಿದ ಕಾಗದದ ಪೊಟ್ಟಣಕ್ಕೆ ಇಟಲಿಯವರು ‘ಕಾರ್ತೊಚ್ಚೊ’ ಎಂದರು. ಫ್ರೆಂಚರ ‘ಕಾರ್ತೂಶ್’, ಪೋರ್ಚುಗೀಸರ ‘ಕಾರ್ತೂಶು’, ಇಂಗ್ಲಿಷಿನ ‘ಕಾರ್ಟ್ರಿಜ್’ ಎಲ್ಲವೂ ಈ ಮನೆತನದವೇ. ಐರೋಪ್ಯರ ಬಾಯಿಂದ ಬಂದ ಈ ಮಾತು ಹಿಂದಿಯಲ್ಲಿ ‘ಕಾರತೂಸ್’ ಆಗಿ ರಕಾರವನ್ನು ಉಳಿಸಿಕೊಂಡಿತು. ಮರಾಠಿ, ಕನ್ನಡಗಳಲ್ಲಿ ಮಾತ್ರ ರಕಾರದ ಸ್ಥಾನದಲ್ಲಿ ಡಕಾರ ನಿಂತಿತು. ಶತಮಾನಗಳ ನೆರೆಹೊರೆಯ ಗುರುತು ಈ ಒಂದು ಅಕ್ಷರದಲ್ಲಿದೆ.

ಕಾಗದವೇಕೆ? ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕುಗಳ ಕಾಲದಲ್ಲಿ, ಒಂದು ಹೊಡೆತಕ್ಕೆ ಬೇಕಾದ ಮದ್ದನ್ನೂ ಸೀಸದ ಗುಂಡನ್ನೂ ಕಾಗದದಲ್ಲಿ ಸುತ್ತಿಡುತ್ತಿದ್ದರು. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಗಜದಿಂದ ಒಳಗೆ ತಳ್ಳುತ್ತಿದ್ದ. 1857ರ ಕಿಚ್ಚಿಗೆ ಕಾರಣವಾದದ್ದು ಈ ಕಚ್ಚುವ ಕ್ರಮವೇ. ಎನ್‌ಫೀಲ್ಡ್ ಬಂದೂಕಿನ ಕಾಡತೂಸಿಗೆ ಹಸು ಹಂದಿಗಳ ಕೊಬ್ಬು ಸವರಿದೆಯೆಂಬ ಸುದ್ದಿ ಹಬ್ಬಿತು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆ ತಿರುಗಿಬಿದ್ದ. ಅದೇ ವರ್ಷ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿದರು. ಕಂಪನಿಯ ಸೈನ್ಯ ಊರಿಗೇ ಬೆಂಕಿಯಿಟ್ಟಿತು. ಉತ್ತರದ ಸಿಪಾಯಿ ಬೇಡವೆಂದದ್ದು ಕೈಗೆ ಕೊಟ್ಟ ಕಾಡತೂಸನ್ನು. ಹಲಗಲಿಯವರು ಬಿಡಲೊಲ್ಲೆವೆಂದದ್ದು ಕೈಯಲ್ಲಿದ್ದ ಆಯುಧವನ್ನು. ಎರಡೂ ಕಡೆ ಪ್ರಶ್ನೆ ಒಂದೇ: ನಮ್ಮ ಬಾಳಿನ ಮೇಲೆ ಆಜ್ಞೆ ಯಾರದು?

ಖಡಕಿಯ ಕಾರ್ಖಾನೆ ಹುಟ್ಟುವ ಹೊತ್ತಿಗೆ ಕಾಗದದ ಕಾಡತೂಸಿನ ಕಾಲ ಮುಗಿಯುತ್ತ ಬಂದಿತ್ತು. ಲೋಹದ ಕವಚ ಅದರ ಸ್ಥಾನಕ್ಕೆ ಬರುತ್ತಿತ್ತು. ಕಚ್ಚಿ ಹರಿಯುವ ಅಗತ್ಯವೂ ಹೋಯಿತು. ವಸ್ತು ಬದಲಾದರೂ ಹೆಸರು ಬದಲಾಗಲಿಲ್ಲ. ಇಂದು ಹಿತ್ತಾಳೆಯ ಕಾಡತೂಸು ಎನ್ನುವಾಗ ನಾವು ಹೇಳುತ್ತಿರುವುದು ಹಿತ್ತಾಳೆಯ ಕಾಗದದ ಪೊಟ್ಟಣವೆಂದೇ.